ಪಟ್ಟಿಯಲ್ಲಿಲ್ಲದ ಯಜಮಾನ

ಮನೆ ಕಟ್ಟಿಸಿದ್ದು ಅಪ್ಪ. ನಡೆಸುವುದು ಹೆಂಡತಿ. ಮನೆಯ ಮಾತೆಲ್ಲ ಅಮ್ಮನದು, ಕನ್ನಡಿಯೆಲ್ಲ ಮಗಳದು, ನಡುಮನೆಯ ಮಂಚ ಹಗಲಿಡೀ ಬಾಮೈದನದು. ಹಾಗಾದರೆ ಈ ಮನೆಯಲ್ಲಿ ನನ್ನದು ಅಂತ ಇರುವುದೇನು ಎಂದು ಪಟ್ಟಿರಾಯರು ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ಯೋಚಿಸಿದರು. ಬಹಳ ಹೊತ್ತು ಯೋಚಿಸಿದ ಮೇಲೆ ಕೈಯಲ್ಲಿದ್ದ ಬ್ರಷ್ಷೊಂದೇ ಕಂಡಿತು. (ಆಮೇಲೆ ನೋಡಿದರೆ ಅದೂ ಬಾಮೈದನದೇ.)

ಪಟ್ಟಿರಾಯರು ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕಚೇರಿ ಇಟ್ಟ ಹೆಸರು. ಇಪ್ಪತ್ತೆರಡು ವರ್ಷಗಳಿಂದ ಅವರು ಮತದಾರರ ಪಟ್ಟಿ ವಿಭಾಗದ ಗುಮಾಸ್ತರು. ಯಾರ ಹೆಸರು ಸೇರಬೇಕು, ಯಾರ ಹೆಸರು ಹೋಗಬೇಕು ಎಂಬುದು ಅವರ ಮೇಜಿನ ಮೇಲೆ, ಅವರ ಕೆಂಪು ಪೆನ್ನಿನ ತುದಿಯಲ್ಲಿ ತೀರ್ಮಾನವಾಗುತ್ತಿತ್ತು. ಒಮ್ಮೆ ಒಬ್ಬ ಮುದುಕ ಬಂದು, ‘ಸ್ವಾಮಿ, ನನ್ನನ್ನು ಸತ್ತವನು ಅಂತ ಹೊಡೆದು ಹಾಕಿದ್ದೀರಿ, ನಾನು ಬದುಕಿದ್ದೀನಿ’ ಎಂದಾಗ, ರಾಯರು ತಲೆ ಎತ್ತದೆ, ‘ಇರಬಹುದು, ದಾಖಲೆ ಎಲ್ಲಿದೆ?’ ಎಂದು ಕೇಳಿದ್ದರು. ಚುನಾವಣೆಯ ದಿನ ಊರೆಲ್ಲ ಸಾಲು ನಿಂತು ಗೆಲ್ಲಿಸಿದೆವು, ಸೋಲಿಸಿದೆವು ಎಂದು ಕುಣಿಯುವುದನ್ನು ಕಂಡಾಗ ಅವರಿಗೆ ಮಕ್ಕಳಾಟ ನೋಡಿದಂತಾಗುತ್ತಿತ್ತು. ಸಾಲು ಎಷ್ಟು ಉದ್ದ ಇರಬೇಕು ಎಂಬುದನ್ನು ತಾವು ಮೂರು ತಿಂಗಳ ಹಿಂದೆಯೇ ನಿರ್ಧರಿಸಿದ್ದು ಆ ಬಡಪಾಯಿಗಳಿಗೆ ಎಲ್ಲಿ ಗೊತ್ತು?

ಇಂಥ ಮನುಷ್ಯನಿಗೆ ಮನೆಯಲ್ಲಿ ಒಂದು ಕುರ್ಚಿ ಹಾಕಿಕೊಳ್ಳುವಷ್ಟು ಜಾಗವಿಲ್ಲ ಎಂದರೆ ಅದು ಪ್ರಕೃತಿ ನಿಯಮಕ್ಕೇ ವಿರುದ್ಧ. ಅಷ್ಟರಲ್ಲಿ ಮುಂದಿನ ಕೋಣೆ ಖಾಲಿಯಾಯಿತು. ಬೀದಿಗೆ ಕಿಟಕಿ ಇದ್ದ ಆ ಕೋಣೆಯಲ್ಲಿ ಆರು ವರ್ಷದಿಂದ ಬಾಡಿಗೆಗಿದ್ದ ಔಷಧಿ ಕಂಪನಿಯ ಮನುಷ್ಯನಿಗೆ ವರ್ಗವಾಗಿ, ಅವನು ಗಂಟುಮೂಟೆ ಕಟ್ಟಿಕೊಂಡು ಹೊರಟ. ಅವನ ಆಟೋ ತಿರುವು ದಾಟುವ ಮೊದಲೇ ರಾಯರ ಮನಸ್ಸಿನಲ್ಲಿ ಅಲ್ಲಿ ಒಂದು ಮೇಜು, ಒಂದು ಕುರ್ಚಿ, ಗೋಡೆಗೆ ಒಂದು ಕಪಾಟು ಬಂದು ಕೂತಿದ್ದವು. ಬಾಗಿಲಿಗೆ ‘ಅಧ್ಯಯನ ಕೊಠಡಿ’ ಎಂಬ ಫಲಕವೂ ತೂಗಿತ್ತು. (ಅಧ್ಯಯನ ಏನು ಎಂದು ಕೇಳಬೇಡಿ. ದಿನಪತ್ರಿಕೆ.)

ಆದರೆ ಅದೇ ತಿರುವನ್ನು ಅದೇ ಆಟೋ ದಾಟುವುದನ್ನು ಅವರ ಹೆಂಡತಿಯೂ ನೋಡುತ್ತಿದ್ದರು.

ಆಕೆ ಹೊಲಿಗೆಯವರು. ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಂಥ ಜಾಗದಲ್ಲಿ ಹನ್ನೊಂದು ವರ್ಷದಿಂದ ಒಂದು ಹೊಲಿಗೆ ಯಂತ್ರ ಇಟ್ಟುಕೊಂಡು, ಬೀದಿಯ ಅರ್ಧ ಹೆಂಗಸರ ರವಿಕೆಗಳನ್ನು ಹೊಲಿಯುತ್ತಿದ್ದರು. ಬಚ್ಚಲಿಗೆ ಹೋಗುವವರು ಬಟ್ಟೆ ತುಳಿಯದೆ ಹೋಗುವಂತಿಲ್ಲ, ಬಚ್ಚಲಿನಿಂದ ಬರುವವರು ಬಟ್ಟೆ ಒದ್ದೆ ಮಾಡದೆ ಬರುವಂತಿಲ್ಲ. ಈಗ ನಾಲ್ಕು ಜನ ಹೆಂಗಸರು ಹೊಲಿಗೆ ಕಲಿಸಿ ಎಂದು ಕೇಳಿಕೊಂಡಿದ್ದರು. ಮುಂದಿನ ಸೋಮವಾರದಿಂದಲೇ ಬರುತ್ತೇವೆ, ಜಾಗ ಇದ್ದರೆ ಸರಿ, ಇಲ್ಲದಿದ್ದರೆ ಮಾರುಕಟ್ಟೆಯ ಹತ್ತಿರ ಬೇರೊಬ್ಬಾಕೆ ಇದ್ದಾಳೆ, ಅಲ್ಲಿಗೆ ಹೋಗುತ್ತೇವೆ ಎಂದಿದ್ದರು. ಓಣಿಯಲ್ಲಿ ಒಬ್ಬ ಟೀಚರಿಗೇ ನಿಲ್ಲಲು ಜಾಗವಿಲ್ಲ, ನಾಲ್ಕು ವಿದ್ಯಾರ್ಥಿನಿಯರನ್ನು ಎಲ್ಲಿ ಕೂರಿಸುವುದು?

“ಮುಂದಿನ ಕೋಣೆಗೆ ನಾಳೆ ಯಂತ್ರ ಸಾಗಿಸ್ತೀನಿ,” ಎಂದರು ಆಕೆ ಊಟಕ್ಕೆ ಬಡಿಸುತ್ತ. ಕೇಳಿದ್ದಲ್ಲ, ತಿಳಿಸಿದ್ದು.

“ಅದು ಅಧ್ಯಯನ ಕೊಠಡಿ ಆಗುತ್ತೆ,” ಎಂದರು ರಾಯರು.

“ಯಾರು ಹೇಳಿದ್ದು?”

“ನಾನು ಹೇಳಿದ್ದು. ಈ ಮನೆಯ ಯಜಮಾನ.”

ಮಗಳು ತಟ್ಟೆಯಿಂದ ತಲೆ ಎತ್ತಿದಳು. ಇಪ್ಪತ್ತು ವರ್ಷದ ಹುಡುಗಿ, ಪರೀಕ್ಷೆಗೆ ಓದಲೆಂದು ಕಾಲೇಜು ರಜೆ ಕೊಟ್ಟಿದ್ದರಿಂದ ಮನೆಯಲ್ಲಿದ್ದಳು. ಓದುತ್ತಿದ್ದ ವಿಷಯ ರಾಜ್ಯಶಾಸ್ತ್ರ, ಅದೇ ಗ್ರಹಚಾರ. “ಅಪ್ಪ, ಒಬ್ಬನೇ ಹೇಳಿ ಒಬ್ಬನೇ ತೀರ್ಮಾನ ಮಾಡೋದಕ್ಕೆ ನಮ್ಮ ಪುಸ್ತಕದಲ್ಲಿ ಸರ್ವಾಧಿಕಾರ ಅಂತಾರೆ. ಐದು ಅಂಕದ ಪ್ರಶ್ನೆ.”

ರಾಯರಿಗೆ ಕೋಪ ಬರಬೇಕಿತ್ತು. ಬರಲಿಲ್ಲ. ಬದಲಾಗಿ ತಲೆಯಲ್ಲಿ ದೀಪ ಹೊತ್ತಿತು. ಕೈ ತೊಳೆದುಕೊಂಡು ಬಂದು, ಗಂಟಲು ಸರಿಮಾಡಿಕೊಂಡು, “ಆಗಲಿ. ಈ ಮನೆಯಲ್ಲಿ ಇನ್ನು ಮುಂದೆ ಪ್ರಜಾಪ್ರಭುತ್ವ. ಕೋಣೆ ಯಾರಿಗೆ ಅನ್ನೋದನ್ನ ಭಾನುವಾರ ಮತ ಹಾಕಿ ತೀರ್ಮಾನ ಮಾಡೋಣ. ಗುಪ್ತ ಮತದಾನ. ಸೋತವರು ತುಟಿ ಬಿಚ್ಚೋ ಹಾಗಿಲ್ಲ,” ಎಂದು ಘೋಷಿಸಿದರು.

ಹೆಂಡತಿ ಅವರ ಮುಖವನ್ನೊಮ್ಮೆ ನೋಡಿದರು. ಇಪ್ಪತ್ತಮೂರು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಗಂಡ ಉದಾರಿಯಾದಾಗಲೇ ಹೆಚ್ಚು ಭಯ. “ಎಲ್ಲರೂ ಹಾಕೋದಾ?” ಎಂದಷ್ಟೇ ಕೇಳಿದರು.

“ಅರ್ಹರೆಲ್ಲರೂ,” ಎಂದರು ರಾಯರು. ಆ ಒಂದು ಪದದೊಳಗೆ ಅವರ ಇಪ್ಪತ್ತೆರಡು ವರ್ಷದ ಅನುಭವ ಅಡಗಿತ್ತು.

ಲೆಕ್ಕ ಸರಳ. ಮನೆಯಲ್ಲಿ ಐದು ಜನ. ತಾವು, ಅಮ್ಮ, ಹೆಂಡತಿ, ಮಗಳು, ಮತ್ತು ಹೆಂಡತಿಯ ತಮ್ಮ. ವಿದ್ಯುತ್ ಕಂಪನಿಯ ಲೈನ್‌ಮನ್ ಆದ ಈ ಬಾಮೈದ ರಾತ್ರಿ ಪಾಳಿ ಮುಗಿಸಿ ಬಂದು ಹಗಲೆಲ್ಲ ಮಲಗುವವನು. ತಮ್ಮದೊಂದು ಮತ, ಅಮ್ಮನದೊಂದು ಮತ ಸೇರಿದರೆ ಎರಡು. ಆ ಕಡೆ ಮೂರು. ಹಾಗೇ ಚುನಾವಣೆ ನಡೆಸಿದರೆ ಸೋಲು ಖಚಿತ. ಆದರೆ ಹಾಗೇ ಚುನಾವಣೆ ನಡೆಸುವವರು ಯಾರು?

ಮರುದಿನ ಬೆಳಿಗ್ಗೆ ಫ್ರಿಜ್ಜಿನ ಬಾಗಿಲ ಮೇಲೆ ಎರಡು ಕಾಗದಗಳು ಅಂಟಿದ್ದವು. ಒಂದು, ಇಪ್ಪತ್ತೆರಡು ನಿಯಮಗಳ ನಿಯಮಾವಳಿ. ರಾಯರು ಕಚೇರಿಯ ಕೈಪಿಡಿಯನ್ನು ಮುಂದಿಟ್ಟುಕೊಂಡು, ‘ಮತಕ್ಷೇತ್ರ’ ಎಂದಿದ್ದ ಕಡೆಯೆಲ್ಲ ‘ಮನೆ’ ಎಂದು ಬದಲಾಯಿಸಿ, ಉಳಿದದ್ದನ್ನು ಅಕ್ಷರಕ್ಕೆ ಅಕ್ಷರ ದುಂಡಗೆ ಬರೆದಿದ್ದರು. ಇನ್ನೊಂದು, ಕರಡು ಮತದಾರರ ಪಟ್ಟಿ. ಅದರಲ್ಲಿ ಮೂರೇ ಹೆಸರು. ಯಜಮಾನರು, ಯಜಮಾನರ ತಾಯಿ, ಯಜಮಾನರ ಪತ್ನಿ.

ಬಾಮೈದ ಪಾಳಿ ಮುಗಿಸಿ ಬಂದವನು ನೀರಿಗಾಗಿ ಫ್ರಿಜ್ಜಿನ ಮುಂದೆ ನಿಂತು ಓದಿದ. “ಭಾವ, ನನ್ನ ಹೆಸರು ಕಾಣ್ತಿಲ್ಲ.”

“ನೀನು ಅತಿಥಿ.”

“ಎಂಟು ವರ್ಷದಿಂದ ಇದ್ದೀನಿ ಭಾವ.”

“ದೀರ್ಘಕಾಲದ ಅತಿಥಿ. ಸಂತೋಷ. ಆದರೆ ನಿವಾಸಿ ಅನ್ನೋದಕ್ಕೆ ದಾಖಲೆ ಬೇಕು.”

“ಆ ಬಚ್ಚಲಿನ ನಲ್ಲಿ ನಾನೇ ಹಾಕಿದ್ದು. ಈ ಫ್ಯಾನು ನಾನು ಹಾಕಿದ್ದು. ಮೀಟರು ನಾನು ಹಾಕಿದ್ದು.”

“ಕೆಲಸಗಾರ ಅಂತಾಯ್ತು. ನಿವಾಸಿ ಅಂತ ಆಗಲಿಲ್ಲ.”

ಮಗಳು ಓಡಿ ಬಂದಳು. “ನಾನು ಯಾಕಿಲ್ಲ?”

“ನೀನು ಮುಂದೆ ಮದುವೆಯಾಗಿ ಬೇರೆ ಮನೆಗೆ ಹೋಗೋ ಸಂಭವ ಇದೆ. ಷರಾದಲ್ಲಿ ಬರೆದಿದ್ದೀನಿ ನೋಡು, ‘ಸ್ಥಳಾಂತರ ನಿರೀಕ್ಷಿತ’.”

“ಯಾವಾಗ ಹೋಗ್ತೀನಂತೆ?”

“ಅದು ಪಟ್ಟಿ ವಿಭಾಗಕ್ಕೆ ಸಂಬಂಧಿಸಿದ್ದಲ್ಲ.”

ಹುಡುಗಿ ತನ್ನ ಅಮ್ಮನ ಕಡೆ ನೋಡಿದಳು. ಆಕೆ ಜಗಳಕ್ಕೆ ನಿಲ್ಲಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಬಂದು, ಕನ್ನಡಕ ಹಾಕಿಕೊಂಡು ನಿಯಮಾವಳಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಮತ್ತೆ ಮೊದಲಿನಿಂದ ಓದಿದರು. ಕತ್ತರಿ ಹಾಕುವ ಮೊದಲು ಎರಡು ಸಲ ಅಳೆಯುವುದು ಹೊಲಿಗೆಯವರ ಜಾಯಮಾನ. ಆಮೇಲೆ, “ರೀ, ಈ ಏಳನೇ ನಿಯಮದಲ್ಲಿ ಪರಿಶೀಲನಾಧಿಕಾರಿ ಅಂತ ಇದ್ಯಲ್ಲ, ಯಾರನ್ನ ಮಾಡ್ತೀರಿ?” ಎಂದು ಸಾದಾ ದನಿಯಲ್ಲಿ ಕೇಳಿದರು.

ರಾಯರಿಗೆ ಒಂದು ಕ್ಷಣ ನೆನಪಾಗಲಿಲ್ಲ. ಇಪ್ಪತ್ತೆರಡು ವರ್ಷ ದಿನಾ ದಾಟಿದ ಹೊಸ್ತಿಲಿನ ಎತ್ತರವನ್ನು ಯಾರು ಗಮನಿಸುತ್ತಾರೆ? ಏಳನೇ ನಿಯಮ ಅವರಿಗೆ ಹಾಗಿತ್ತು. ‘ಪಟ್ಟಿ ಅಂತಿಮಗೊಳ್ಳುವ ಮೊದಲು, ಸ್ಪರ್ಧೆಯಲ್ಲಿಲ್ಲದ ಒಬ್ಬ ಅಧಿಕಾರಿ ಮೂರು ದಿನ ಖುದ್ದಾಗಿ ಭೇಟಿ ನೀಡತಕ್ಕದ್ದು’ ಎಂದು ಅದು ಶುರುವಾಗುತ್ತಿತ್ತು.

“ಸ್ಪರ್ಧೆ ನಮ್ಮಿಬ್ಬರದು. ನಾವಾಗೋ ಹಾಗಿಲ್ಲ,” ಎಂದರು ಹೆಂಡತಿ. “ಅತ್ತೆ ಆಗಬಹುದಲ್ಲ?”

ರಾಯರಿಗೆ ನಗು ತಡೆಯುವುದೇ ಕಷ್ಟವಾಯಿತು. ಹೆಂಡತಿಯೇ ಕೈಯಾರೆ ಅಧಿಕಾರವನ್ನು ತಮ್ಮ ತಾಯಿಗೆ ಕೊಡಿಸುತ್ತಿದ್ದಾಳೆ. ಹೆತ್ತ ತಾಯಿ, ಒಬ್ಬನೇ ಮಗ. ಕಣ್ಣು ಮುಚ್ಚಿ ಸಹಿ ಹಾಕುತ್ತಾಳೆ. ಕೂಡಲೇ ಒಂದು ನೇಮಕಾತಿ ಆದೇಶ ಬರೆದು, ಸೀಲು ಒತ್ತಿ (ಹಳೆಯದಾಯಿತೆಂದು ಕಚೇರಿಯವರು ಬಿಸಾಡಿದ್ದ ಸೀಲು, ಪಾಪ, ಮನೆಯಲ್ಲಿತ್ತು) ಅಮ್ಮನ ಕೈಗೆ ಕೊಟ್ಟರು.

ಅಮ್ಮನಿಗೆ ಎಪ್ಪತ್ತಾರು. ಎಪ್ಪತ್ತಾರು ವರ್ಷದಲ್ಲಿ ಆಕೆಯ ಹೆಸರಿಗೆ ಸೀಲು ಬಿದ್ದ ಕಾಗದ ಬಂದದ್ದು ಇದೇ ಮೊದಲು. ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು.

“ಪರಿಶೀಲನಾಧಿಕಾರಿ ಅಂದ್ರೆ ನಾನೇನಾ?”

“ನೀನೇ ಅಮ್ಮ.”

“ನಿನಗಿಂತ ದೊಡ್ಡ ಕೆಲಸವಾ ಚಿಕ್ಕದಾ?”

“ಸ್ವಲ್ಪ ದೊಡ್ಡದೇ,” ಎಂದರು ರಾಯರು, ಮುದುಕಿಗೆ ಖುಷಿಯಾಗಲಿ ಎಂದು. ಎಂಥ ಮಾತು ಆಡಿಬಿಟ್ಟರು ಎಂಬುದು ಅವರಿಗೆ ಶುಕ್ರವಾರ ತಿಳಿಯಬೇಕಿತ್ತು.

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ, ರಾಯರು ಕಚೇರಿಯಲ್ಲಿ ಕೆಂಪು ಪೆನ್ನು ಹಿಡಿದು ಕೂತಿದ್ದ ಹೊತ್ತಿಗೆ, ಅವರ ತಾಯಿ ಒಳ್ಳೆಯ ಸೀರೆ ಉಟ್ಟು, ಕಂಕುಳಲ್ಲಿ ಒಂದು ನೋಟುಪುಸ್ತಕ ಇಟ್ಟುಕೊಂಡು, ಕೋಲು ಊರಿಕೊಂಡು ಮನೆಯ ಹೊರಗೆ ಹೋದರು. ಹೋಗಿ ಗೇಟಿನ ಹತ್ತಿರ ನಿಂತು, ತಿರುಗಿ ಬಂದು ಬಾಗಿಲು ತಟ್ಟಿದರು.

“ಯಾರಿದ್ದೀರಿ ಮನೇಲಿ? ಪರಿಶೀಲನೆ.”

ಸೊಸೆ ಯಂತ್ರ ನಿಲ್ಲಿಸಿ ಬಂದು ಬಾಗಿಲು ತೆಗೆದರು. “ನಾನಿದ್ದೀನಿ ಅತ್ತೆ.”

“ಅತ್ತೆ ಗಿತ್ತೆ ಆಮೇಲೆ. ಹೆಸರು ಹೇಳು.”

ಸೊಸೆ ಹೆಸರು ಹೇಳಿದರು. ಅಧಿಕಾರಿ ಬರೆದುಕೊಂಡು ಮುಂದೆ ಸಾಗಿದರು. ಮೊಮ್ಮಗಳು ಪುಸ್ತಕದ ಮೇಲೆ ತಲೆಯಿಟ್ಟು ತೂಕಡಿಸುತ್ತಿದ್ದವಳು ಎದ್ದು ಹೆಸರು ಹೇಳಿದಳು. ನಡುಮನೆಯ ಮಂಚದ ಮೇಲೆ ಗೊರಕೆ ಹೊಡೆಯುತ್ತಿದ್ದ ಲೈನ್‌ಮನ್‌ನನ್ನು ಕೋಲಿನಿಂದ ತಿವಿದು ಎಬ್ಬಿಸಿ, ಅವನು ಕಣ್ಣುಜ್ಜಿಕೊಂಡು ಹೆಸರು ಹೇಳುವವರೆಗೂ ಬಿಡಲಿಲ್ಲ. ಆಮೇಲೆ ತಮ್ಮ ಕೋಣೆಯ ಬಾಗಿಲಿಗೆ ಹೋಗಿ, ತಟ್ಟಿ, ಒಳಗೆ ಹೋಗಿ ಮಂಚದ ಮೇಲೆ ಕೂತು, “ಇದ್ದೀನಿ” ಎಂದು ಹೇಳಿ, ಮತ್ತೆ ಹೊರಗೆ ಬಂದು ಬರೆದುಕೊಂಡರು. ಕೊನೆಗೆ ಮಗನ ಹೆಸರನ್ನು ಮೂರು ಸಲ ಕೂಗಿದರು. ಅಡುಗೆಮನೆ, ಬಚ್ಚಲು, ಹಿತ್ತಲು, ಎಲ್ಲ ಕಡೆ ನೋಡಿದರು. ಮಂಚದ ಕೆಳಗೂ ಬಗ್ಗಿ ನೋಡಿದರು. ನಿಟ್ಟುಸಿರು ಬಿಟ್ಟು ಬರೆದರು, ‘ಸಿಗಲಿಲ್ಲ’.

ಬುಧವಾರವೂ ಹನ್ನೊಂದಕ್ಕೆ. ಗುರುವಾರವೂ ಹನ್ನೊಂದಕ್ಕೆ.

ಗುರುವಾರ ಸಂಜೆ ಕಚೇರಿಯಿಂದ ಬಂದ ಮಗನನ್ನು ನೋಡಿ ಅಧಿಕಾರಿಣಿಯ ಕಣ್ಣು ಸ್ವಲ್ಪ ತೇವವಾಗಿತ್ತು. “ಒಂದಿನ ರಜೆ ಹಾಕಬಾರದಿತ್ತೇನೋ?” ಎಂದರು. ರಾಯರು, “ಯಾಕಮ್ಮ, ಮೈ ಹುಷಾರಿಲ್ವಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ, ಮುಂದಿನ ಕೋಣೆಯ ಗೋಡೆಗೆ ಕಪಾಟಿನ ಅಳತೆ ತೆಗೆಯಲು ಹೊರಟರು.

ಶುಕ್ರವಾರ ಬೆಳಿಗ್ಗೆ ಫ್ರಿಜ್ಜಿನ ಮೇಲೆ ಅಂತಿಮ ಪಟ್ಟಿ. ನಡುಗುವ ಕೈಬರಹ, ಅಡಿಯಲ್ಲಿ ಸೀಲು. ಅಜ್ಜಿ, ಸೊಸೆ, ಮೊಮ್ಮಗಳು, ಸೊಸೆಯ ತಮ್ಮ, ನಾಲ್ಕು ಹೆಸರು. ಐದನೆಯ ಹೆಸರಿನ ಮೇಲೆ ಅಡ್ಡಗೆರೆ, ಪಕ್ಕದಲ್ಲಿ ಷರಾ. ‘ಮೂರು ದಿನ ಹುಡುಕಿದೆ. ವಾಸವಿಲ್ಲ.’

ಆ ಗೆರೆ ಕೆಂಪು ಶಾಯಿಯಲ್ಲಿತ್ತು. ರಾಯರ ಪೆನ್ನಿನದೇ.

“ಅಮ್ಮ, ಇದೇನಿದು?”

“ಏಳನೇ ನಿಯಮ ಕಣೋ. ಹತ್ತರಿಂದ ಐದರೊಳಗೆ ಹೋಗಬೇಕು ಅಂತ ಬರೆದಿದ್ದೀಯ. ಮೂರು ಸಲವೂ ಕಂಡವರನ್ನ ಸೇರಿಸಬೇಕು, ಮೂರು ಸಲವೂ ಕಾಣದವರನ್ನ ತೆಗೀಬೇಕು. ನೀನು ಕಾಣಲಿಲ್ಲ.”

“ನಾನು ಕೆಲಸಕ್ಕೆ ಹೋಗಿದ್ದೆ.”

“ಹತ್ತರಿಂದ ಐದರವರೆಗೆ ಎಲ್ಲರೂ ಕೆಲಸಕ್ಕೆ ಹೋಗ್ತಾರಪ್ಪ. ನಿಯಮ ಮಾಡಿದವರಿಗೆ ಅದು ಗೊತ್ತಿರಲಿಲ್ವಾ?”

ಗೊತ್ತಿಲ್ಲದೆ ಏನು? ಚೆನ್ನಾಗಿ ಗೊತ್ತಿತ್ತು. ಗಾರೆ ಕೆಲಸದವರು, ಕಾರ್ಖಾನೆಯವರು, ಮನೆಗೆಲಸದ ಹೆಂಗಸರು, ಹೀಗೆ ದುಡಿಯಲು ಹೋದವರೆಲ್ಲ ಮೂರು ಭೇಟಿಯಲ್ಲಿ ಮಾಯವಾಗುವುದೇ ಆ ನಿಯಮದ ಸೊಗಸು. ಬೀದಿಗೆ ಬೀದಿಯೇ ಹಾಗೆ ಹೋದದ್ದುಂಟು. ಆದರೆ ಅದು ಬೇರೆಯವರ ಬೀದಿ.

ರಾಯರು ದನಿ ಏರಿಸಿದರು. “ಈ ಪಟ್ಟಿ ರದ್ದು. ನಾನೇ ನೇಮಿಸಿದ ಅಧಿಕಾರಿ, ನಾನೇ ವಜಾ ಮಾಡ್ತೀನಿ.”

ಅಮ್ಮ ಸೀಲು ಬಿದ್ದ ಆದೇಶವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅರ್ಧ ಗಂಟೆ ಬರಲಿಲ್ಲ. ಮನೆಯಲ್ಲಿ ಯಾರೂ ರಾಯರನ್ನು ಬೈಯಲಿಲ್ಲ, ಸುಮ್ಮನೆ ನೋಡಿದರು. ಬೈಗುಳವಾದರೂ ತಡೆಯಬಹುದು. ಅರ್ಧ ಗಂಟೆಯ ಮೇಲೆ ರಾಯರೇ ಬಾಗಿಲು ತಟ್ಟಿ, “ಆಯ್ತಮ್ಮ, ಪಟ್ಟಿ ಇರಲಿ,” ಎಂದರು.

ಮಗಳು ಮೆಲ್ಲಗೆ ಒಂದು ದಾರಿ ತೋರಿಸಿದಳು. “ಆಕ್ಷೇಪಣೆ ಹಾಕಿ ಅಪ್ಪ. ವಾಸದ ದಾಖಲೆ ಎರಡು ಕೊಟ್ರೆ ಅಜ್ಜಿ ಸೇರಿಸ್ಕೊಳ್ತಾರೆ.”

ಶನಿವಾರವೆಲ್ಲ ರಾಯರು ಟ್ರಂಕು, ಬೀರು, ಹಾಸಿಗೆಯ ಅಡಿ, ಎಲ್ಲ ಜಾಲಾಡಿದರು. ಮನೆಪತ್ರ ಅಮ್ಮನ ಹೆಸರಿನಲ್ಲಿತ್ತು. ನೀರಿನ ಬಿಲ್ಲು ತೀರಿಹೋದ ಅಪ್ಪನ ಹೆಸರಿನಲ್ಲಿತ್ತು. ಅಡುಗೆ ಗ್ಯಾಸು ಹೆಂಡತಿಯ ಹೆಸರಿನಲ್ಲಿ. ವಿದ್ಯುತ್ ಬಿಲ್ಲು ನೋಡಿದರೆ, ಮೀಟರು ಹಾಕಿಸುವಾಗ ಕಂಪನಿಯ ರಿಯಾಯಿತಿ ಸಿಗುತ್ತದೆಂದು ತಾವೇ ಒತ್ತಾಯ ಮಾಡಿ ಬಾಮೈದನ ಹೆಸರಿಗೆ ಮಾಡಿಸಿದ್ದರು. ತಮ್ಮ ಹೆಸರು ಇದ್ದದ್ದು ಗ್ರಂಥಾಲಯದ ಒಂದು ನೋಟಿಸಿನ ಮೇಲೆ ಮಾತ್ರ. ಪುಸ್ತಕ ಹಿಂತಿರುಗಿಸಿಲ್ಲ ಎಂದು ಬಂದಿದ್ದ ಆ ನೋಟಿಸನ್ನು ಅಮ್ಮನಿಗೆ ಕೊಟ್ಟರು. ಅಮ್ಮ ಅದನ್ನು ಬೆಳಕಿಗೆ ಹಿಡಿದು, “ಒಂದೇ ಆಯ್ತಲ್ಲ ಮಗಾ. ಎರಡು ಬೇಕು,” ಎಂದು ನಿಜವಾದ ಸಂಕಟದಿಂದ ವಾಪಸು ಕೊಟ್ಟರು.

ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ಕೈಚೆಲ್ಲುತ್ತಿದ್ದರು. ಪಟ್ಟಿರಾಯರು ಅಂಥವರಲ್ಲ. ಹಿಡಿದದ್ದನ್ನು ಬಿಡದಿರುವುದು ಅವರ ಗುಣ. (ಹೆಂಡತಿಯ ಪ್ರಕಾರ ರೋಗ.) ಕೂತು ನಿಯಮಾವಳಿ ತಿರುವಿದರು. ಒಂಬತ್ತನೇ ನಿಯಮ ಕಂಡಿತು. ‘ಮತಗಟ್ಟೆಯ ಅಧಿಕಾರಿಯು ಆ ಕ್ಷೇತ್ರದ ಮತದಾರನಾಗಿರಕೂಡದು.’ ಮನೆಯಲ್ಲಿ ಮತದಾರರಲ್ಲದವರು ಯಾರು? ತಾವೊಬ್ಬರೇ. ಪಟ್ಟಿ ಹೋದರೇನು, ಪೆಟ್ಟಿಗೆ ಕೈಗೆ ಬಂತು. ಮತ ಹಾಕುವವರು ಹಾಕಲಿ. ಎಣಿಸುವವನು ನಾನು.

ಹೆಂಡತಿ ಇದಕ್ಕೂ ತಕರಾರು ಮಾಡಲಿಲ್ಲ. “ನಿಯಮ ಇದ್ದ ಮೇಲೆ ಆಗಲಿ ಬಿಡಿ,” ಎಂದರು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಮುಂದಿನ ಕೋಣೆಯೇ ಮತಗಟ್ಟೆಯಾಯಿತು. ಮೇಜಿನ ಮೇಲೆ ಪಾದರಕ್ಷೆಯ ಖಾಲಿ ಡಬ್ಬಿ, ಮುಚ್ಚಳದಲ್ಲಿ ಸೀಳು. ಮತಪತ್ರದಲ್ಲಿ ಎರಡು ಚಿಹ್ನೆ. ರಾಯರ ಪರ ಕುರ್ಚಿ, ಹೆಂಡತಿಯ ಪರ ಕತ್ತರಿ. ಬೆರಳಿಗೆ ಹಚ್ಚುವ ಶಾಯಿಯ ಬದಲು ಮಗಳ ಉಗುರು ಬಣ್ಣ. ನಾಲ್ವರೂ ಸಾಲಾಗಿ ಬಂದರು. ರಾಯರು ಒಬ್ಬೊಬ್ಬರ ಹೆಸರನ್ನೂ ಗಟ್ಟಿಯಾಗಿ ಕೂಗಿ, ಮುಖ ಹೋಲಿಸಿ, ಬಣ್ಣ ಹಚ್ಚಿ ಒಳಬಿಟ್ಟರು. ಅಮ್ಮ ಕೆಂಪಾದ ಉಗುರನ್ನು ತಿರುಗಿಸಿ ತಿರುಗಿಸಿ ನೋಡಿ, “ಉಳಿದ ಒಂಬತ್ತಕ್ಕೂ ಹಚ್ಚಿಬಿಡು, ಅರ್ಧಂಬರ್ಧ ಯಾಕೆ,” ಎಂದರು. ಲೈನ್‌ಮನ್ ಪಾಳಿ ಮುಗಿಸಿ ನೇರ ಬಂದಿದ್ದ. ಕೈಗವಸು ತೆಗೆಯಲು ಹೇಳಿದ್ದಕ್ಕೆ, “ಭಾವ, ಶಾಕು ಹೊಡೆಯೋದಿಲ್ಲ ತಾನೆ?” ಎಂದು ಡಬ್ಬಿಯನ್ನು ಅನುಮಾನದಿಂದ ನೋಡಿದ.

ಹತ್ತು ಗಂಟೆಗೆ ಮತದಾನ ಮುಗಿಯಿತು. ಶೇಕಡಾ ನೂರು. ರಾಯರು ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ, ಡಬ್ಬಿ ಬಿಚ್ಚಿದರು.

ಕತ್ತರಿ. ಕತ್ತರಿ. ಕತ್ತರಿ. ನಾಲ್ಕನೆಯದು ಅಮ್ಮನದು ಎಂದು ಕೈಬರಹದಿಂದಲೇ ತಿಳಿಯಿತು. ಕತ್ತರಿಯ ಮುಂದೆ ಗುರುತು ಹಾಕಿ, ಕೆಳಗೆ ‘ಬೇಜಾರು ಮಾಡ್ಕೋಬೇಡ ಮಗಾ’ ಎಂದು ಬರೆದಿತ್ತು.

ರಾಯರು ನಾಲ್ಕೂ ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ಆಮೇಲೆ ಕೆಂಪು ಪೆನ್ನು ತೆಗೆದರು. ಮೊದಲನೆಯ ಚೀಟಿಯಲ್ಲಿ ಗುರುತು ಗೆರೆಗೆ ತಾಗಿದೆ, ತಿರಸ್ಕೃತ. ಎರಡನೆಯದನ್ನು ಎರಡು ಮಡಿಕೆಯ ಬದಲು ನಾಲ್ಕು ಮಡಿಕೆ ಮಾಡಲಾಗಿದೆ, ತಿರಸ್ಕೃತ. ಮೂರನೆಯದರ ಮೇಲೆ ಗ್ರೀಸಿನ ಬೆರಳಚ್ಚಿದೆ, ಮತದಾರನ ಗುರುತು ಬಯಲಾಗಿದೆ, ತಿರಸ್ಕೃತ. ನಾಲ್ಕನೆಯದರಲ್ಲಿ ಅನಗತ್ಯ ಬರವಣಿಗೆ. ಅದರ ಮೇಲೆ ಪೆನ್ನು ಸ್ವಲ್ಪ ಹೊತ್ತು ನಿಂತಿತು. ತಿರಸ್ಕೃತ.

ಬಾಗಿಲು ತೆರೆದು ಪ್ರಕಟಿಸಿದರು. “ಎಲ್ಲ ಮತಗಳೂ ಕುಲಗೆಟ್ಟಿವೆ. ಮುಂದಿನ ಭಾನುವಾರ ಮರುಮತದಾನ. ಅಲ್ಲಿಯವರೆಗೆ ಮತಗಟ್ಟೆ ಮತ್ತು ಪೆಟ್ಟಿಗೆ ಅಧಿಕಾರಿಯ ಸುಪರ್ದಿಯಲ್ಲಿ ಇರತಕ್ಕದ್ದು. ಯಾರೂ ಒಳಗೆ ಬರಕೂಡದು.”

ಬಾಮೈದ ಬಾಯಿ ತೆರೆದ. ಅಕ್ಕ ಕಣ್ಣಲ್ಲೇ ಸುಮ್ಮನಿರಿಸಿದರು. ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋದರು.

ಇಷ್ಟು ಸುಲಭವೇ ಎಂದು ರಾಯರಿಗೇ ಆಶ್ಚರ್ಯ. ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದು, ಕಾಲು ಚಾಚಿ, ಭಾನುವಾರದ ಪತ್ರಿಕೆ ಬಿಡಿಸಿದರು. ಬೀದಿಯಲ್ಲಿ ಹೋಗುವವರು ಕಾಣುತ್ತಿದ್ದರು. ಗಾಳಿ ಬರುತ್ತಿತ್ತು. ಮುಂದಿನ ಭಾನುವಾರ ಮತ್ತೆ ಯಾವ ಮಡಿಕೆ ತಪ್ಪುತ್ತದೋ, ಅದರ ಮುಂದಿನ ಭಾನುವಾರ ಯಾವ ಗೆರೆ ತಾಗುತ್ತದೋ. ಹೀಗೆಯೇ ನಿವೃತ್ತಿಯವರೆಗೆ ಹೋಗಬಹುದು. ಗೆಲ್ಲುವುದಕ್ಕಿಂತ ಫಲಿತಾಂಶ ತಡೆಹಿಡಿಯುವುದೇ ಎಷ್ಟು ಹಾಯಾದ ಆಡಳಿತ.

ಹನ್ನೆರಡೂವರೆಗೆ ಒಗ್ಗರಣೆಯ ಘಮ ಬಂತು. ಒಂದಕ್ಕೆ ತಟ್ಟೆಗಳ ಸದ್ದು. ಒಂದೂವರೆಗೆ ತಟ್ಟೆ ತೊಳೆಯುವ ಸದ್ದು.

ರಾಯರು ಕೆಮ್ಮಿದರು. ಯಾರೂ ಬರಲಿಲ್ಲ. ಇನ್ನೊಮ್ಮೆ ಕೆಮ್ಮಿದರು. ಮಗಳು ಒಂದು ಲೋಟ ನೀರು ಹೊಸ್ತಿಲ ಮೇಲೆ ತಂದಿಟ್ಟು ಹೋದಳು.

“ಏನೇ, ಊಟ ಆಯ್ತಾ?” ಎಂದು ಕೊನೆಗೆ ಕುರ್ಚಿಯಿಂದಲೇ ಕೂಗಿದರು.

“ಅತ್ತೆದು ಆಯ್ತು, ಇವರಿಬ್ಬರದೂ ಆಯ್ತು,” ಎಂದು ಉತ್ತರ ಬಂತು.

“ಮತ್ತೆ ನನಗೆ?”

ಹೆಂಡತಿ ಬಂದು ಹೊಸ್ತಿಲ ಹೊರಗೆ ನಿಂತರು. ಒಳಗೆ ಕಾಲಿಡಲಿಲ್ಲ, ನಿಷಿದ್ಧ ಪ್ರದೇಶ. ಕೈಯಲ್ಲಿ ನಿಯಮಾವಳಿ ಇತ್ತು. “ಹದಿನಾಲ್ಕನೇ ನಿಯಮ ರೀ. ‘ಮತಗಟ್ಟೆಯ ಸಿಬ್ಬಂದಿ ಸ್ಪರ್ಧಿಗಳಿಂದಾಗಲಿ, ಅವರ ಕಡೆಯವರಿಂದಾಗಲಿ ಊಟೋಪಚಾರ ಸ್ವೀಕರಿಸಕೂಡದು.’ ನಾನು ಸ್ಪರ್ಧಿ. ಅಡುಗೆ ನನ್ನದು. ನಿಮಗೆ ಬಡಿಸಿದ್ರೆ ಲಂಚ ಆಗುತ್ತೆ.”

“ಅಮ್ಮ ಬಡಿಸಲಿ.”

“ಬಡಿಸೋರು ಯಾರಾದ್ರೇನು, ಮಾಡಿದ್ದು ನಾನೇ ಅಲ್ವಾ?”

“ಹೋಟೆಲಿಗೆ ಹೋಗ್ತೀನಿ.”

“ಹೋಗಿ. ಹದಿನೈದನೇ ನಿಯಮ. ಅಧಿಕಾರಿ ಮತಗಟ್ಟೆ ಬಿಟ್ಟು ಹೋದ್ರೆ ಪೆಟ್ಟಿಗೆ ಪರಿಶೀಲನಾಧಿಕಾರಿ ಸುಪರ್ದಿಗೆ ಬರುತ್ತೆ. ಅತ್ತೆ ಕನ್ನಡಕ ಒರೆಸ್ಕೊಂಡು ಕಾಯ್ತಿದ್ದಾರೆ.”

ನಡುಮನೆಯಿಂದ ಅಮ್ಮನ ದನಿ ಕೇಳಿತು. “ನಾನು ಮಡಿಕೆ ಗಿಡಿಕೆ ನೋಡೋಲ್ಲಪ್ಪ. ಕತ್ತರಿ ಎಷ್ಟಿದೆ ಅಂತ ಎಣಿಸ್ತೀನಿ.”

ಎರಡು ಗಂಟೆಗೆ ರಾಯರು ಪತ್ರಿಕೆಯ ಜಾಹೀರಾತುಗಳನ್ನು ಓದಿದರು. ಎರಡೂವರೆಗೆ ಅದರಲ್ಲಿ ಒಂದು ಬಿಸ್ಕತ್ತಿನ ಚಿತ್ರ ಸಿಕ್ಕಿ, ಪತ್ರಿಕೆ ಮಡಿಸಿಟ್ಟರು. ಮೂರಕ್ಕೆ ಮನಸ್ಸಿನಲ್ಲೇ ಗುಣಾಕಾರ ಹಾಕಿದರು. ಮುಂದಿನ ಭಾನುವಾರಕ್ಕೆ ಏಳು ದಿನ, ದಿನಕ್ಕೆ ಒಂದು ತಿಂಡಿ, ಎರಡು ಊಟ, ಮೂರು ಚಹಾ. ಚಹಾ ಬಿಟ್ಟರೂ ಇಪ್ಪತ್ತೊಂದು. ಇದನ್ನೆಲ್ಲ ಯೋಚಿಸುತ್ತಿರುವಾಗ, ಮಗಳು ಓಣಿಯಲ್ಲಿ ನಿಂತು ಪರೀಕ್ಷೆಗೆಂದು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದಳು. “ಜನರ ಒಪ್ಪಿಗೆ ಇಲ್ಲದ ಸರಕಾರ ಹೆಚ್ಚು ಕಾಲ ಬಾಳಲಾರದು. ಜನರ ಒಪ್ಪಿಗೆ ಇಲ್ಲದ ಸರಕಾರ...”

ಮೂರೂವರೆಗೆ ಬಾಗಿಲು ತೆರೆಯಿತು. ರಾಯರು ಹೊಸ್ತಿಲಲ್ಲಿ ನಿಂತು, ಕಣ್ಣು ಎಲ್ಲಿಯೂ ನಿಲ್ಲಿಸದೆ ಓದಿದರು. “ಮರುಪರಿಶೀಲನೆ ನಡೆಸಲಾಗಿ, ನಾಲ್ಕೂ ಮತಗಳು ಸಿಂಧು ಎಂದು ಕಂಡುಬಂದಿದೆ. ಕತ್ತರಿಗೆ ನಾಲ್ಕು. ಕುರ್ಚಿಗೆ ಸೊನ್ನೆ.” ಆಮೇಲೆ ಅದೇ ದನಿಯಲ್ಲಿ, “ಏನು ಮಾಡಿದ್ದೀಯ ಇವತ್ತು?”

ಅಡುಗೆಮನೆಯಲ್ಲಿ ಎರಡು ತಟ್ಟೆ ಮುಚ್ಚಿಟ್ಟಿದ್ದವು. ಒಂದರ ಮುಂದೆ ರಾಯರು ಕೂತರು. ಇನ್ನೊಂದರ ಮುಂದೆ ಹೆಂಡತಿ ಕೂತರು. ಸ್ಪರ್ಧಿಯೂ ಬೆಳಗಿನಿಂದ ಉಪವಾಸವಿದ್ದದ್ದು ರಾಯರಿಗೆ ಆಗ ತಿಳಿಯಿತು. ಇಬ್ಬರೂ ಉಂಡರು. ಉಂಡ ಮೇಲೆ ಆಕೆ, “ಯಂತ್ರಕ್ಕೆ ಒಂದು ಕೈ ಹಚ್ಚಿ,” ಎಂದರು. ಬಾಮೈದ ಒಂದು ಕಡೆ, ರಾಯರು ಒಂದು ಕಡೆ ಹಿಡಿದು, ಹನ್ನೊಂದು ವರ್ಷ ಅಲುಗಾಡದಿದ್ದ ಯಂತ್ರವನ್ನು ಕಿಟಕಿಯ ಬೆಳಕಿಗೆ ಸಾಗಿಸಿದರು. ಅಷ್ಟು ಭಾರವಿರುತ್ತದೆ ಎಂದು ರಾಯರಿಗೆ ಗೊತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೇ ನಾಲ್ವರು ಹೆಂಗಸರೂ ಬಂದರು. ಕೋಣೆಯ ತುಂಬ ನಗು, ಟೇಪು, ಸೀಮೆಸುಣ್ಣದ ಗುರುತು, ಹಳೆಯ ಪತ್ರಿಕೆಯಲ್ಲಿ ಕತ್ತರಿಸಿದ ತೋಳುಗಳು. (ಹಳೆಯದಲ್ಲ, ಅವತ್ತಿನದೇ. ರಾಯರು ಇನ್ನೂ ಓದಿರಲಿಲ್ಲ.) ಅವರಲ್ಲಿ ಒಬ್ಬಾಕೆ ಕೈ ತೊಳೆಯಲು ಒಳಗೆ ಹೋದವಳು, ಅಡುಗೆಮನೆಗೂ ಬಚ್ಚಲಿಗೂ ನಡುವೆ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ಊಟದ ಡಬ್ಬಿ ಇಟ್ಟುಕೊಂಡು, ಕಚೇರಿಗೆ ಹೊತ್ತಾಗುವುದನ್ನೇ ಕಾಯುತ್ತಿದ್ದ ಒಬ್ಬ ಗಂಡಸನ್ನು ಕಂಡು ಬೆಚ್ಚಿ ಹಿಂದೆ ಬಂದಳು.

“ಟೀಚರ್, ಒಳಗಡೆ ಯಾರೋ ಒಬ್ಬರು ಕೂತಿದ್ದಾರೆ. ನಿಮ್ಮ ಮನೆಯವರಾ?”

ಟೀಚರು ಉತ್ತರ ಕೊಡುವ ಮೊದಲೇ, ಮೂಲೆಯಲ್ಲಿ ಹತ್ತೂ ಉಗುರು ಕೆಂಪು ಮಾಡಿಕೊಂಡು ಗುಂಡಿ ಆರಿಸುತ್ತಿದ್ದ ಪರಿಶೀಲನಾಧಿಕಾರಿಗಳು ತಲೆಯೆತ್ತಿದರು.

“ಅಲ್ಲಮ್ಮ,” ಎಂದರು. “ಚುನಾವಣೆ ಕೆಲಸಕ್ಕೆ ಅಂತ ಬಂದವರು. ಪಾಪ, ಇನ್ನೂ ಹೋಗಿಲ್ಲ.”